‘ಐ ಆಮ್ ಅನಾಯಿಂಗ್’ ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ

‘ಅನಾಯ್’ ಪದದ ಬಗ್ಗೆ ಇನ್ನು ಬರೆಯುವುದಿಲ್ಲ ಅಂದುಕೊಂಡಿದ್ದೆ. ಆದರೆ ಈ ಸಲವೂ ಬಂದ ಪತ್ರಗಳಲ್ಲಿ ಅದೇ ಜಾಸ್ತಿ. ಕಿರಿಕಿರಿ ಅನ್ನುವ ಅರ್ಥದ ಪದವೇ ನನಗೆ ಕಿರಿಕಿರಿಯಾಗಿದೆ. ಒಂದೇ ಸಲ ಬರೆದು ಮುಗಿಸುತ್ತೇನೆ.

ಪ್ರಶ್ನೆ: ಮೇಷ್ಟ್ರೇ, ಮೇಲಿನ ಮನೆಯವರು ರಾತ್ರಿ ಹನ್ನೊಂದಕ್ಕೆ ಮಿಕ್ಸಿ ಹಾಕುತ್ತಾರೆ. ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ‘ಐ ಆಮ್ ವೆರಿ ಅನಾಯಿಂಗ್’ ಎಂದು ಬರೆದೆ. ಅವರು ‘ಯೆಸ್, ವಿ ನೋ’ ಅಂತ ಉತ್ತರ ಕೊಟ್ಟರು. ಉಳಿದವರೆಲ್ಲ ನಗುವ ಇಮೋಜಿ ಹಾಕಿದರು. ತಪ್ಪೇನು?

ಉತ್ತರ: ಮೇಲಿನ ಮನೆಯವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ನೀವು ಬರೆದಿದ್ದು ‘ನಾನು ಭಾರಿ ಕಿರಿಕಿರಿ ಮನುಷ್ಯ’ ಅಂತ. ಅವರು ಒಪ್ಪಿಕೊಂಡರು, ಅಷ್ಟೇ. ಕಿರಿಕಿರಿ ಕೊಡುವುದು ಅನಾಯಿಂಗ್, ಪಡುವವರು ಅನಾಯ್ಡ್. ಮಿಕ್ಸಿ ಅನಾಯಿಂಗ್, ನೀವು ಅನಾಯ್ಡ್.

ಈ ತಪ್ಪು ದಡ್ಡತನದಿಂದ ಬರುವುದಲ್ಲ, ಕನ್ನಡದಿಂದ ಬರುವುದು. ನಾವು ಮನಸ್ಸಿನಲ್ಲಿ ‘ನನಗೆ ಕಿರಿಕಿರಿ ಆಗ್ತಿದೆ’ ಅಂದುಕೊಳ್ಳುತ್ತೇವೆ. ‘ಆಗ್ತಿದೆ’ ಕೇಳಿದ ಕೂಡಲೇ ಕೈ ತಾನಾಗಿ ‘ಇಂಗ್’ ಹಚ್ಚುತ್ತದೆ. ‘ನನಗೆ’ ಇದ್ದ ಜಾಗದಲ್ಲಿ ‘ಐ’ ಬಂದು ಕೂರುತ್ತದೆ. ಕನ್ನಡದಲ್ಲಿ ಆಗುತ್ತಿರುವುದು ಕಿರಿಕಿರಿ, ನೀವಲ್ಲ. ಇಂಗ್ಲಿಷಿನಲ್ಲಿ ಆ ಕೆಲಸವೆಲ್ಲ ನಿಮ್ಮ ತಲೆಗೆ ಬರುತ್ತದೆ. ‘ಐ ಆಮ್ ಬೋರಿಂಗ್’, ‘ಐ ಆಮ್ ಕನ್‌ಫ್ಯೂಸಿಂಗ್’ ಕೂಡ ಇದೇ ಬಳ್ಳಿಯ ಕಾಯಿಗಳು. ‘ಆಗ್ತಿದೆ’ ಬೇಕೇ ಬೇಕು ಅಂದರೆ ‘ಐ ಆಮ್ ಗೆಟಿಂಗ್ ಅನಾಯ್ಡ್’ ಅನ್ನಿ. ‘ಇಂಗ್’ ಹೋಗಿ ಗೆಟ್‌ಗೆ ಅಂಟಿಕೊಳ್ಳಲಿ, ಪಾಪ.

ತಮಾಷೆ ಏನು ಗೊತ್ತಾ? ಈ ಪದದ ಬೇರು ಲ್ಯಾಟಿನ್‌ನ ‘ಮಿಹಿ ಇನ್ ಓಡಿಯೋ ಎಸ್ಟ್’ ಎಂಬ ಮಾತಿನಲ್ಲಿದೆ. ‘ಮಿಹಿ’ ಅಂದರೆ ‘ನನಗೆ’. ನನಗೆ ಅದನ್ನು ಕಂಡರಾಗದು ಅಂತ ಅರ್ಥ. ಅಂದರೆ ಹುಟ್ಟುವಾಗ ಇದು ನಮ್ಮ ‘ನನಗೆ’ ವಾಕ್ಯದ ಹಾಗೇ ಇತ್ತು! ಆಮೇಲೆ ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಅದೇ ಬೇರಿನ ಪದ ಫ್ರೆಂಚ್‌ನಲ್ಲೇ ಉಳಿದು ‘ಆನ್ವಿ’ ಆಯಿತು. ಅಲ್ಲಿ ಅದಕ್ಕೆ ಹೊತ್ತು ಹೋಗದ ಬೇಸರ ಅನ್ನುವ ಅರ್ಥ. ಒಂದೇ ಬೇರು, ಒಂದು ಕಡೆ ಕಿರಿಕಿರಿ, ಇನ್ನೊಂದು ಕಡೆ ಬೇಸರ.

ನಮ್ಮಲ್ಲಿ ಎರಡನ್ನೂ ಒಂದೇ ಪದ ಹೊರುತ್ತದೆ: ಪಾರ್ಸಿಯಿಂದ ಬಂದ ‘ಬೇಜಾರು’. ‘ಮನೇಲಿ ಕೂತು ಕೂತು ಬೇಜಾರು.’ ‘ಅವನ ಮಾತಿಂದ ಬೇಜಾರಾಯ್ತು.’ ‘ಎಷ್ಟು ಸಲ ಫೋನ್ ಮಾಡ್ತಾನೆ, ಬೇಜಾರು!’ ಇಂಗ್ಲಿಷಿಗೆ ಹೋದಾಗ ಮೊದಲನೆಯದು ಬೋರ್ಡ್, ಎರಡನೆಯದು ಹರ್ಟ್. ಮೂರನೆಯದಷ್ಟೇ ಅನಾಯ್ಡ್. ಅಮ್ಮ ತೀರಿಕೊಂಡ ಗೆಳೆಯನಿಗೆ ‘ಐ ಆಮ್ ಅನಾಯ್ಡ್’ ಅಂತ ಸಾಂತ್ವನ ಬರೆದವರನ್ನು ನಾನು ನೋಡಿದ್ದೇನೆ. ಡಿಕ್ಷನರಿಯಲ್ಲಿ ‘ಬೇಜಾರು’ ಅಂತ ಇತ್ತಂತೆ.

ಇನ್ನೊಂದು ಮಾತು. ಅನಾಯ್ಡ್ ಅಂದರೆ ಸಣ್ಣ ಸಿಟ್ಟು, ಆದರೂ ಸಿಟ್ಟೇ. ನಾನೊಮ್ಮೆ ಒಂದು ಕಚೇರಿಗೆ ‘ಐ ಆಮ್ ಅನಾಯ್ಡ್’ ಎಂದು ಪತ್ರ ಬರೆದೆ. ವ್ಯಾಕರಣ ಸರಿ ಇತ್ತು, ಫೈಲ್ ಮಾತ್ರ ಅಲ್ಲಾಡಲಿಲ್ಲ. ಅಂದಿನಿಂದ ಕೆಲಸ ಆಗಬೇಕಾದ ಕಡೆ ಈ ಪದ ಬರೆಯುವುದನ್ನೇ ಬಿಟ್ಟಿದ್ದೇನೆ. ನೀವೂ ಗ್ರೂಪಿನಲ್ಲಿ ‘ದ ನಾಯ್ಸ್ ಈಸ್ ಡಿಸ್ಟರ್ಬಿಂಗ್ ಅವರ್ ಸ್ಲೀಪ್’ ಅಂತ ಬರೆದರೆ ಸಾಕು.

ಪ್ರಶ್ನೆ: ‘ಅನಾಯ್’ ಪದ ‘ನಾಯ್ಸ್’ನಿಂದ ಬಂದಿದೆಯಂತೆ, ಹೌದಾ?

ಉತ್ತರ: ಅಲ್ಲ. ವಾಟ್ಸಾಪಿನಲ್ಲಿ ಪದಗಳ ಜಾತಕ ಬರೆಯುವವರು ಹೆಚ್ಚಾಗಿದ್ದಾರೆ. ಬೇಕಾದರೆ ಉಲ್ಟಾ ಕೇಳಿ: ‘ನಾಯ್ಸಮ್’ ಅಂತ ಒಂದು ಪದ ಇದೆ, ಅದರಲ್ಲಿರುವುದು ಇದೇ ಅನಾಯ್‌ನ ತುಂಡು. ಅದಕ್ಕೂ ಸದ್ದಿಗೂ ಸಂಬಂಧ ಇಲ್ಲ. ಮೂಗು ಮುಚ್ಚಿಕೊಳ್ಳುವಂಥ ನಾತಕ್ಕೆ ಆ ಪದ ಬಳಸುತ್ತಾರೆ.

ಪ್ರಶ್ನೆ: 30 ದಿನದ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ, ಎಲ್ಲದಕ್ಕೂ ‘ಇಂಗ್’ ಸೇರಿಸಿದರೆ ಫ್ಲೂಯೆನ್ಸಿ ಬರುತ್ತದೆ ಎಂದರು.

ಉತ್ತರ: ದುಡ್ಡು ವಾಪಸ್ ಕೇಳಿ.

ಪ್ರಶ್ನೆ: ಅನಾಯ್ಡ್ ಆನ್ ಹಿಮ್ ಸರಿಯೇ?

ಉತ್ತರ: ತಪ್ಪು. ‘ಅವನ ಮೇಲೆ ಸಿಟ್ಟು’ ಎಂಬುದರ ‘ಮೇಲೆ’ ಇಲ್ಲಿ ಬಂದು ಕೂತಿದೆ. ಮನುಷ್ಯರಾದರೆ ‘ವಿತ್’, ವಿಷಯವಾದರೆ ‘ಅಟ್’ ಅಥವಾ ‘ಅಬೌಟ್’.

ಪ್ರಶ್ನೆ: ಮೆಸೇಜ್ ಕಳಿಸಿ ಅನಾಯ್ ಮಾಡಿದರೆ ಜೈಲು ಅಂತಾರಲ್ಲ, ನಿಜವೇ?

ಉತ್ತರ: ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಎ ಸೆಕ್ಷನ್‌ನಲ್ಲಿ ‘ಅನಾಯನ್ಸ್’ ಎಂಬ ಪದ ಇತ್ತು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆ ಸೆಕ್ಷನ್ನನ್ನೇ ಹೊಡೆದು ಹಾಕಿತು. ಒಬ್ಬರಿಗೆ ಕಿರಿಕಿರಿ ಆಗಿದ್ದು ಇನ್ನೊಬ್ಬರಿಗೆ ಆಗದೇ ಇರಬಹುದು, ಇಂಥ ಪದಕ್ಕೆ ಗಡಿ ಎಲ್ಲಿ ಎಂಬುದು ಕೋರ್ಟು ಕೊಟ್ಟ ಕಾರಣಗಳಲ್ಲೊಂದು. ನಾನು ಇಂಗ್ಲಿಷ್ ಮೇಷ್ಟ್ರು. ಉಳಿದದ್ದನ್ನು ವಕೀಲರ ಹತ್ತಿರ ಕೇಳಿ.