ಬೆಲ್ಲದ ಬಗ್ಗೆ ಇನ್ನೇನು ಬರೆಯೋದು?

ಮಂಡ್ಯದಲ್ಲಿ ಸಾವಯವ ಬೆಲ್ಲ ಮಾರುತ್ತೀರಿ, ಹತ್ತು ಪೋಸ್ಟ್ ಹಾಕಿದ ಮೇಲೆ ಬ್ಲಾಗಿಗೂ ಇನ್‌ಸ್ಟಾಗ್ರಾಮಿಗೂ ಹೊಸದೇನೂ ಹೊಳೆಯುತ್ತಿಲ್ಲ ಅಂತ ಕೇಳಿದ್ದೀರಿ.

ಮೊದಲು ನಿಮ್ಮ ವಾಟ್ಸಾಪ್ ತೆರೆಯಿರಿ. ಮೂರು ತಿಂಗಳಲ್ಲಿ ಗಿರಾಕಿಗಳು ಕೇಳಿದ್ದನ್ನೆಲ್ಲ ಅವರ ಮಾತಲ್ಲೇ ಒಂದು ಪುಸ್ತಕಕ್ಕೆ ಇಳಿಸಿ. "ನಿಮ್ ಬೆಲ್ಲ ಯಾಕಣ್ಣ ಇಷ್ಟು ಕಪ್ಪು?" ಅನ್ನುವುದನ್ನು "ಸಾವಯವ ಬೆಲ್ಲದ ವರ್ಣ ವೈಶಿಷ್ಟ್ಯ" ಅಂತ ತಿದ್ದಿದರೆ ಕೆಟ್ಟಿತು. ಜನ ಹುಡುಕುವುದು ಆ ಮೊದಲಿನ ಮಾತಲ್ಲೇ.

ಆ ಒಂದು ಪ್ರಶ್ನೆಯನ್ನೇ ಬಿಡಿಸಿ ನೋಡಿ. ಬೆಲ್ಲ ಹಳದಿಯಾಗಲಿ ಅಂತ ಹೈಡ್ರೋಸ್ ಅನ್ನುವ ಬಣ್ಣ ತಿಳಿಯಾಗಿಸುವ ರಾಸಾಯನಿಕ ಹಾಕುತ್ತಾರಲ್ಲ, ಅದು ಏನು, ಯಾಕೆ ಅನ್ನುವುದು ಒಂದು ಪೂರ್ತಿ ಲೇಖನ. ಕೊಪ್ಪರಿಗೆಗೆ ಬೆಂಡೆ ಗಿಡದ ಲೋಳೆ ಬಿಟ್ಟು ಮಡ್ಡಿ ತೆಗೆಯುವುದು 30 ಸೆಕೆಂಡಿನ ರೀಲ್. ಅಚ್ಚು ಬೆಲ್ಲ, ಬಕೆಟ್ ಬೆಲ್ಲ ಪಕ್ಕಪಕ್ಕ ಇಟ್ಟರೆ ಒಂದು ಫೋಟೊ. ಮಳೆಗಾಲದಲ್ಲಿ ಬೆಲ್ಲ ಯಾಕೆ ನೀರು ಬಿಡುತ್ತೆ, ಪಾಯಸಕ್ಕೆ ಹಾಕಿದರೆ ಹಾಲು ಯಾಕೆ ಒಡೆಯುತ್ತೆ ಅನ್ನುವುದಕ್ಕೂ ಹೀಗೇ ಮಾಡಿ. ಹಾಲಿನದಕ್ಕೆ ಉತ್ತರ ಕೊಡುವಾಗ ಬೆಲ್ಲದ ಹುಳಿ ಗುಣದ ಬಗ್ಗೆ ಹೇಳಿ ನಿಲ್ಲಿಸಬೇಡಿ. ಒಲೆಯಿಂದ ಇಳಿಸಿ, ಬಿಸಿ ಆರಿದ ಮೇಲೆ, ಕರಗಿಸಿ ಸೋಸಿದ ಬೆಲ್ಲ ಹಾಕಬೇಕು ಅನ್ನುವಷ್ಟು ಬಿಡಿಸಿ ಬರೆಯಿರಿ.

ಗಿರಾಕಿಗಳ ಪ್ರಶ್ನೆ ಮುಗಿದರೆ ಗೂಗಲ್. "ಬೆಲ್ಲ" ಅಂತ ಬರೆದು ಜಾಗ ಬಿಟ್ಟು ಅ, ಕ, ಮ ಹೀಗೆ ಒಂದೊಂದೇ ಅಕ್ಷರ ಹಾಕಿ, ಕೆಳಗೆ ಬರುವ ಸಾಲುಗಳನ್ನು ಬರೆದುಕೊಳ್ಳಿ. ಇಂಗ್ಲಿಷ್ ಅಕ್ಷರದಲ್ಲೂ ಹುಡುಕಿ, ನಮ್ಮವರು ಹಾಗೂ ಟೈಪ್ ಮಾಡುತ್ತಾರೆ. ಆದರೆ ಬರೀ "bella" ಅಂತ ಹಾಕಿದರೆ ಹೆಂಗಸರ ವಿದೇಶಿ ಹೆಸರುಗಳು ಬಂದುಬಿಡುತ್ತವೆ, ಜೊತೆಗೆ "payasa", "maduva vidhana" ಸೇರಿಸಿ. ಜನ ಏನು ಹುಡುಕಿದಾಗ ನಿಮ್ಮ ಪುಟ ಕಾಣಿಸಿತು ಅಂತ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್‌ಗೆ ಬ್ಲಾಗನ್ನು ಜೋಡಿಸಿದ್ದರೆ 16 ತಿಂಗಳವರೆಗಿನ ಹುಡುಕಾಟದ ಪದಗಳು ಸಿಗುತ್ತವೆ. ತುಂಬಾ ಸಲ ಕಾಣಿಸಿಕೊಂಡೂ ಯಾರೂ ಒತ್ತದ ಪದ ಇದ್ದರೆ, ಅದಕ್ಕೆ ನಿಮ್ಮ ಪುಟದಲ್ಲಿ ನೇರ ಉತ್ತರ ಇಲ್ಲದಿರಬಹುದು. ಅದೇ ಮುಂದಿನ ಲೇಖನ.

ಸಂಕ್ರಾಂತಿಯ ಎಳ್ಳು-ಬೆಲ್ಲ, ಯುಗಾದಿಯ ಬೇವು-ಬೆಲ್ಲ, ಗೌರಿ-ಗಣೇಶನ ಕಡುಬು: ಇವುಗಳ ಲೇಖನ ಒಂದು ತಿಂಗಳು ಮೊದಲೇ ಹಾಕಿ, ಗೂಗಲ್ ಅದನ್ನು ಗುರುತಿಸಲು ಸಮಯ ಬೇಕು. ರೀಲ್ ಹಬ್ಬದ ನಾಲ್ಕೈದು ದಿನ ಮುಂಚೆ ಸಾಕು.

ವಿಷಯ ಸಿಗದಾಗ "ಬೆಲ್ಲದ 10 ಪ್ರಯೋಜನ" ಬರೆಯಲು ಕೈ ತುರಿಸುತ್ತದೆ. ಬೇಡ, ಅಂಥವು ಲೆಕ್ಕವಿಲ್ಲದಷ್ಟಿವೆ. ಸಕ್ಕರೆ ಕಾಯಿಲೆಯವರೂ ತಿನ್ನಬಹುದು ಅಂತಂತೂ ದಯವಿಟ್ಟು ಬರೆಯಬೇಡಿ. ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯೇ, ಓದಿ ನಂಬಿದವರಿಗೆ ತೊಂದರೆಯಾಗುತ್ತದೆ.