ತಪ್ಪಾಗಿ ಒಪ್ಪಿಕೊಂಡ ಸಾಕ್ಷ್ಯದ ಕಾರಣಕ್ಕೆ ಮೇಲ್ಮನವಿಯಲ್ಲಿ ಶಿಕ್ಷೆ ರದ್ದಾಗುತ್ತದೆಯೇ?

ಅಷ್ಟಕ್ಕೇ ಆಗುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 169ನೇ ಕಲಂ (ಹಳೆಯ ಕಾಯ್ದೆಯಲ್ಲಿ 167) ಪ್ರಕಾರ, ಆ ಸಾಕ್ಷ್ಯವನ್ನು ಬದಿಗಿಟ್ಟರೂ ಉಳಿದದ್ದು ತೀರ್ಪಿಗೆ ಸಾಕೇ ಎಂದು ಮೇಲಿನ ಕೋರ್ಟು ನೋಡುತ್ತದೆ. ಸಾಕಾದರೆ ಶಿಕ್ಷೆ ನಿಲ್ಲುತ್ತದೆ. ತಪ್ಪಾಗಿ ನಿರಾಕರಿಸಿದ ಸಾಕ್ಷ್ಯಕ್ಕೂ ಹಾಗೆಯೇ: ಅದನ್ನು ಒಪ್ಪಿದ್ದರೂ ತೀರ್ಪು ಬದಲಾಗುತ್ತಿರಲಿಲ್ಲ ಎಂದಾದರೆ ವಾದ ಬಿದ್ದುಹೋಗುತ್ತದೆ.

ಎಡವುವುದು ಆಕ್ಷೇಪ ಎತ್ತುವ ಹೊತ್ತಿನಲ್ಲಿ. ದಾಖಲೆಯನ್ನು ರುಜುವಾತುಪಡಿಸಿದ ರೀತಿ ಸರಿಯಿಲ್ಲವೆಂದರೆ, ಅದನ್ನು ನಿಶಾನೆ ಮಾಡುವಾಗಲೇ (ಸಾಕ್ಷ್ಯವಾಗಿ ಗುರುತಿನ ಸಂಖ್ಯೆ ಕೊಟ್ಟು ಕಡತಕ್ಕೆ ಸೇರಿಸುವಾಗಲೇ) ಹೇಳಬೇಕು. ಫೋನ್ ಕರೆ ವಿವರಗಳಿಗೆ 65ಬಿ ಪ್ರಮಾಣಪತ್ರವಿಲ್ಲ (ಎಲೆಕ್ಟ್ರಾನಿಕ್ ದಾಖಲೆಗೆ ಹಳೆಯ ಕಾಯ್ದೆಯ 65ಬಿ ಕಲಂ ಕೇಳುತ್ತಿದ್ದ ದೃಢೀಕರಣ ಪತ್ರ) ಎಂಬ ವಾದವನ್ನು ಮೊದಲ ಸಲ ಮೇಲ್ಮನವಿಯಲ್ಲಿ ಎತ್ತಲು 2017ರ ಸೋನು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಡಲಿಲ್ಲ. ವಿಚಾರಣೆಯಲ್ಲೇ ಹೇಳಿದ್ದರೆ ಪ್ರಾಸಿಕ್ಯೂಷನ್ ಕೊರತೆ ಸರಿಪಡಿಸಿಕೊಳ್ಳಬಹುದಿತ್ತು. ಪೊಲೀಸರ ಮುಂದಿನ ತಪ್ಪೊಪ್ಪಿಗೆಯಂಥ, ಕಾನೂನು ಮೂಲದಲ್ಲೇ ಒಪ್ಪದ ಸಾಕ್ಷ್ಯದ ಮಾತು ಬೇರೆ. ಅದನ್ನು ಮೇಲ್ಮನವಿಯಲ್ಲೂ ಪ್ರಶ್ನಿಸಬಹುದು.

ವಿಚಾರಣಾ ಕೋರ್ಟು ಆಕ್ಷೇಪವನ್ನು ಬರೆದುಕೊಂಡು ಅಂತಿಮ ತೀರ್ಪಿನಲ್ಲಿ ನಿರ್ಧರಿಸುವ ಪದ್ಧತಿ ಸುಪ್ರೀಂ ಕೋರ್ಟಿನ 2001ರ ಬಿಪಿನ್ ಪಾಂಚಾಲ್ ತೀರ್ಪಿನಿಂದ ಬಂದದ್ದು. ಅದನ್ನು ಪಾಲಿಸಲೇಬೇಕೆಂದಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು: ಪ್ರಶ್ನೆಗಳ ಮೇಲಿನ ಆಕ್ಷೇಪವನ್ನು ಅಲ್ಲೇ, ಇಲ್ಲವಾದರೆ ಆ ಸಾಕ್ಷಿಯ ಹೇಳಿಕೆ ಮುಗಿದಾಗ ತೀರ್ಮಾನಿಸಬೇಕು. ಹೇಗಿದ್ದರೂ, ನಿಮ್ಮ ಆಕ್ಷೇಪ ಹೇಳಿಕೆಯ ಹಾಳೆಯಲ್ಲಿ ದಾಖಲಾಗಿದೆಯೇ ಎಂದು ಅಂದೇ ನೋಡಿಕೊಳ್ಳಿ. ಬರೀ ಬಾಯಿಮಾತಿನದು ಮೇಲಿನ ಕೋರ್ಟಿಗೆ ಕಾಣದು.