ಸೀಲ್ ತಲೆಗೆ ಅಂಟಿಸಿದ ಯಂತ್ರ ಬಿದ್ದುಹೋಗುವುದಿಲ್ಲವೇ?

ಪ್ರಶ್ನೆ: ಅಂಟಾರ್ಕ್ಟಿಕಾ ಕಡೆಯ ಸೀಲ್ ಎಂಬ ಕಡಲ ಪ್ರಾಣಿಗಳ ತಲೆಗೆ ಯಂತ್ರ ಅಂಟಿಸಿ ಸಮುದ್ರದ ಉಷ್ಣತೆ ಅಳೆಯುತ್ತಾರಂತೆ. ನಮ್ಮ ಹಸುಗಳ ಹಳದಿ ಕಿವಿಯೋಲೆಯೇ ಬೇಲಿಗೆ ಸಿಕ್ಕಿ ಕಿತ್ತುಹೋಗುತ್ತದೆ. ಇದು ಹೇಗೆ ನಿಲ್ಲುತ್ತದೆ? ಪ್ರಾಣಿಗೆ ಹಿಂಸೆಯಲ್ಲವೇ?
– ಹೈನುಗಾರರೊಬ್ಬರು, ಮದ್ದೂರು

ಉತ್ತರ: ಕಿವಿಯೋಲೆ ಹಸು ಇರುವವರೆಗೂ ಇರಬೇಕು. ಸೀಲ್‌ನ ಯಂತ್ರ ವರ್ಷದೊಳಗೆ ಬೀಳಲೇಬೇಕು. ಅದಕ್ಕೇ ಎಲ್ಲೂ ಚುಚ್ಚುವುದಿಲ್ಲ, ಕೂದಲಿಗಷ್ಟೇ ಅಂಟಿಸುತ್ತಾರೆ. ಆನೆ ಸೀಲ್ ಎಂಬ ದೊಡ್ಡ ಜಾತಿಯ ಸೀಲ್ ವರ್ಷಕ್ಕೊಮ್ಮೆ ದಡಕ್ಕೆ ಬಂದು ಹಳೆಯ ಕೂದಲನ್ನು ಮೇಲ್ಚರ್ಮದ ಸಮೇತ ಕಳಚುತ್ತದೆ. ಯಂತ್ರವೂ ಜೊತೆಗೇ ಉದುರುತ್ತದೆ. ಹಾಗಾಗಿ ಹೊಸ ಕೂದಲು ಬಂದ ಮೇಲೆ ಅಂಟಿಸಿದರೆ ಚಳಿಗಾಲವಿಡೀ ಮಾಹಿತಿ ಸಿಗುತ್ತದೆ. ಮರಿ ಹಾಕುವ ಕಾಲ ಮುಗಿದ ಕೂಡಲೇ ಅಂಟಿಸಿದರೆ ಎರಡು ಮೂರು ತಿಂಗಳಷ್ಟೇ.

ಮೊದಲು ಮುಖಕ್ಕೆ ಚೀಲ ಹಾಕಿ, ರಕ್ತನಾಳಕ್ಕೆ ಮಂಪರಿನ ಮದ್ದು ಕೊಡುತ್ತಾರೆ. ಅಪಾಯ ಇರುವುದು ಇಲ್ಲೇ: ಮುಳುಗುವ ಪ್ರಾಣಿಯಾದ್ದರಿಂದ ಮಂಪರಿನಲ್ಲೂ ಉಸಿರು ಬಿಗಿಹಿಡಿಯಬಹುದು. ಉಸಿರಾಟ ನೋಡಿಕೊಳ್ಳಲೆಂದೇ ಒಬ್ಬರು ಕೂತಿರಬೇಕು. ನೆತ್ತಿಯ ಕೂದಲನ್ನು ಅಸಿಟೋನ್‌ನಿಂದ ಒರೆಸಿ, ಒಣಗಿಸಿ, ಬೇಗ ಗಟ್ಟಿಯಾಗುವ ಎಪಾಕ್ಸಿ ಅಂಟು ಹಚ್ಚುತ್ತಾರೆ. ಕೂದಲಲ್ಲಿ ಎಣ್ಣೆ, ತೇವ ಉಳಿದರೆ ಅಂಟು ಬಿಡುತ್ತದೆ. ಹಾಗೆಂದು ದಪ್ಪಗೆ ಬಳಿಯುವಂತಿಲ್ಲ. ಎಪಾಕ್ಸಿ ಗಟ್ಟಿಯಾಗುವಾಗ ಬಿಸಿಯಾಗಿ ಚರ್ಮ ಸುಡುತ್ತದೆ.

ನೆತ್ತಿಯೇ ಏಕೆ? ಉಪ್ಪು ನೀರಿನೊಳಗಿಂದ ರೇಡಿಯೊ ಸಂಕೇತ ಹೊರಬರುವುದಿಲ್ಲ. ಸೀಲ್ ಇಪ್ಪತ್ತು ಮೂವತ್ತು ನಿಮಿಷ ಮುಳುಗಿ, ಎರಡು ಮೂರು ನಿಮಿಷ ಮೇಲಿರುತ್ತದೆ. ಆ ಹೊತ್ತಿಗೆ ಮೊದಲು ಹೊರಬರುವುದು ತಲೆ. ಅರ್ಗೋಸ್ ಉಪಗ್ರಹಕ್ಕೆ ಒಂದು ಸಂದೇಶದಲ್ಲಿ ಕಳಿಸಲಾಗುವುದು ಸುಮಾರು 32 ಬೈಟ್ ಮಾತ್ರ, ಮೊಬೈಲಿನ ಎಸ್ಸೆಮ್ಮೆಸ್ಸಿಗಿಂತಲೂ ಚಿಕ್ಕದು. ಅಳೆದ ಆಳ, ಉಷ್ಣತೆ, ಲವಣಾಂಶಗಳಿಂದ ಮುಖ್ಯ ಬಿಂದುಗಳನ್ನಷ್ಟೇ ಯಂತ್ರ ಆರಿಸಿ ಕಳಿಸುತ್ತದೆ. ಲವಣಾಂಶದ ಅಂಕಿಯನ್ನಂತೂ ಹಾಗೆಯೇ ನಂಬುವಂತಿಲ್ಲ: ನೀರಿನ ವಿದ್ಯುತ್ ವಾಹಕತೆ ಅಳೆದು ಅದರಿಂದ ಲವಣಾಂಶ ಲೆಕ್ಕಹಾಕುತ್ತಾರೆ, ಪ್ರಾಣಿಯ ತಲೆ ಹತ್ತಿರವೇ ಇರುವುದರಿಂದ ಆ ಅಳತೆ ಏರುಪೇರಾಗುತ್ತದೆ. ಆಮೇಲೆ ಸರಿಪಡಿಸಿಯೇ ಬಳಸಬೇಕು.

ಹಿಂಸೆಯ ಮಾತು. ಯಂತ್ರ ಅರ್ಧ ಕಿಲೋ ಆಸುಪಾಸು, ಬೆಳೆದ ಹೆಣ್ಣು ಸೀಲ್ 400 ಕಿಲೋ ಮೇಲೆ. ಆದರೂ ಈಜುವಾಗ ನೀರಿನ ಎಳೆತ ಹೆಚ್ಚುವುದು ನಿಜ. ಆಸ್ಟ್ರೇಲಿಯಾ ಮತ್ತು ಅಂಟಾರ್ಕ್ಟಿಕಾ ನಡುವಿನ ಮ್ಯಾಕ್ವಾರಿ ದ್ವೀಪದಲ್ಲಿ ಯಂತ್ರ ಹೊತ್ತವನ್ನೂ ಹೊರದವನ್ನೂ ಹೋಲಿಸಿದಾಗ ತೂಕದಲ್ಲಾಗಲಿ, ಬದುಕುಳಿಯುವುದರಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ.

ಚಳಿಗಾಲದಲ್ಲಿ ಹಡಗು ನುಗ್ಗಲಾಗದ ಹಿಮದೊಳಕ್ಕೂ ಸೀಲ್ ಹೋಗುತ್ತದೆ. ಅಂಟಾರ್ಕ್ಟಿಕಾದಲ್ಲಿ ನಮ್ಮ ದೇಶದ ಭಾರತಿ ಸಂಶೋಧನಾ ಕೇಂದ್ರವಿರುವ ಪ್ರಿಡ್ಜ್ ಕೊಲ್ಲಿಯ ಪಶ್ಚಿಮಕ್ಕೆ, ಕೇಪ್ ಡಾರ್ನ್‌ಲಿ ಬಳಿ, ಸಾಗರದ ತಳಕ್ಕಿಳಿಯುವ ಭಾರವಾದ ತಣ್ಣೀರು ಹುಟ್ಟುತ್ತದೆಂದು 2013ರಲ್ಲಿ ಪ್ರಕಟವಾದಾಗ, ಪುರಾವೆಯ ಒಂದು ಪಾಲು ಆನೆ ಸೀಲ್‌ಗಳು ತಂದದ್ದು. ತಿಮಿಂಗಿಲಕ್ಕೆ ಈ ಉಪಾಯ ನಡೆಯದು, ಅಂಟಿಸಲು ಕೂದಲಿಲ್ಲ. ರಬ್ಬರ್ ಬಟ್ಟಲನ್ನು ಗಾಳಿಯೆಳೆದು ಕಚ್ಚಿಸಿದರೆ ಕೆಲವು ಗಂಟೆ ನಿಂತೀತು.